ಲಾಕ್‌ಡೌನ್ ಆನ್ ಇದೆ, ಸರಿ. ಸಹಿ ಹಾಕುವ ಕೀ ಎಲ್ಲಿದೆ?

ಲಿನಕ್ಸ್‌ನಲ್ಲಿ ರೂಟ್ (ಪೂರ್ಣ ಅಧಿಕಾರದ ಖಾತೆ) ಸಿಕ್ಕಿದರೆ ವ್ಯವಸ್ಥೆಯ ತಿರುಳಾದ ಕರ್ನಲ್ಲೂ ಸಿಕ್ಕಂತೆ ಎನ್ನುವುದು ಬಹುಕಾಲ ನಿಜವಾಗಿತ್ತು. ಕರ್ನಲ್‌ಗೆ ಮಾಡ್ಯೂಲ್ (ಹೆಚ್ಚುವರಿ ಕೋಡ್ ತುಣುಕು) ಸೇರಿಸುವ ಒಂದು ಇನ್ಸ್‌ಮಾಡ್ ಆದೇಶ ಸಾಕು, ಪ್ರೋಸೆಸ್ಸುಗಳನ್ನೇ ಪಟ್ಟಿಯಿಂದ ಮರೆಮಾಡಬಹುದು. 2019ರ ನವೆಂಬರ್‌ನಲ್ಲಿ ಬಂದ 5.4 ಕರ್ನಲ್‌ನ ಲಾಕ್‌ಡೌನ್ ಎಂಬ ರಕ್ಷಣಾ ವ್ಯವಸ್ಥೆ ಇವೆರಡರ ನಡುವೆ ಗೋಡೆ ಎಬ್ಬಿಸಿತು.

ಮೊದಲು /ಸಿಸ್/ಕರ್ನಲ್/ಸೆಕ್ಯುರಿಟಿ/ಲಾಕ್‌ಡೌನ್ ಫೈಲನ್ನು ಕ್ಯಾಟ್ ಮಾಡಿ ನೋಡಿ. ನನ್ (ಲಾಕ್‌ಡೌನ್ ಇಲ್ಲ), ಇಂಟೆಗ್ರಿಟಿ, ಕಾನ್ಫಿಡೆನ್ಶಿಯಾಲಿಟಿ ಎಂಬ ಮೂರು ಪದಗಳಲ್ಲಿ ಚೌಕ ಆವರಣದೊಳಗೆ ಇರುವುದೇ ಸದ್ಯದ ಸ್ಥಿತಿ. ಇಂಟೆಗ್ರಿಟಿಯಲ್ಲಿ ಸಹಿಯಿಲ್ಲದ ಮಾಡ್ಯೂಲ್, ಸಹಿಯಿಲ್ಲದ ಕೆಕ್ಸೆಕ್ ಇಮೇಜ್ (ಚಾಲನೆಯಲ್ಲಿರುವಾಗಲೇ ಬದಲಿಸುವ ಇನ್ನೊಂದು ಕರ್ನಲ್), ಮೆಮೊರಿಯನ್ನು ನೇರವಾಗಿ ಮುಟ್ಟುವ /ಡೆವ್/ಮೆಮ್, ಹೈಬರ್ನೇಷನ್ ಎಲ್ಲವೂ ಬಂದ್. ಕಾನ್ಫಿಡೆನ್ಶಿಯಾಲಿಟಿಯಲ್ಲಿ ಕರ್ನಲ್ ಮೆಮೊರಿ ಓದುವುದಕ್ಕೂ ತಡೆ; ಕೆಪ್ರೋಬ್ (ಕರ್ನಲ್ ಒಳಗೆ ಇಣುಕುವ ಸೌಲಭ್ಯ) ನೆಚ್ಚಿಕೊಂಡ ಮಾನಿಟರಿಂಗ್ ಏಜೆಂಟ್‌ಗಳು ಕೈಕೊಡುತ್ತವೆ. ಪ್ರೊಡಕ್ಷನ್‌ಗೆ ಇಂಟೆಗ್ರಿಟಿಯೇ ಸರಿ.

ಹಂತ ಇಳಿಸಲು ರೀಬೂಟ್ ಬೇಕು. ಬೂಟ್ ಲೋಡರ್ ಆದ ಗ್ರಬ್‌ನ ಸಾಲು ತಿದ್ದಿ ರೀಬೂಟ್ ಮಾಡುವುದು ರೂಟ್‌ಗೆ ಕಷ್ಟವೇ? ಆದ್ದರಿಂದ ಸೆಕ್ಯೂರ್ ಬೂಟ್ (ಸಹಿ ಇರುವುದನ್ನಷ್ಟೇ ಬೂಟ್ ಮಾಡುವ ಫರ್ಮ್‌ವೇರ್ ರಕ್ಷಣೆ) ಇಲ್ಲದ ಲಾಕ್‌ಡೌನ್ ಅರ್ಧ ಕೆಲಸ. ಸೆಕ್ಯೂರ್ ಬೂಟ್ ಆನ್ ಇದ್ದರೆ ಉಬುಂಟು, ಡೆಬಿಯನ್, ಫೆಡೋರಾ ಕರ್ನಲ್‌ಗಳು ತಾವೇ ಇಂಟೆಗ್ರಿಟಿಗೆ ಹೋಗುತ್ತವೆ.

ದೊಡ್ಡ ತೂತು ಇರುವುದು ಇನ್ನೊಂದು ಕಡೆ. ಕರ್ನಲ್‌ನ ಹೊರಗಿನ ಡ್ರೈವರ್‌ಗಳನ್ನು ಕಟ್ಟುವ ಸಾಧನವಾದ ಡಿಕೆಎಂಎಸ್ ಅದೇ ಮೆಷಿನ್‌ನಲ್ಲಿ ಡ್ರೈವರ್ ಕಂಪೈಲ್ ಮಾಡಿ, ಅಲ್ಲೇ ಇರುವ ಪ್ರೈವೇಟ್ ಕೀಯಿಂದ ಸಹಿ ಹಾಕುತ್ತದೆ. ಡೆಬಿಯನ್‌ನಲ್ಲಿ ಅದು /ವಾರ್/ಲಿಬ್/ಡಿಕೆಎಂಎಸ್ ಒಳಗಿನ ಮೋಕ್ ಡಾಟ್ ಕೀ ಫೈಲ್. ರೂಟ್ ಅದನ್ನು ಓದಬಲ್ಲದು. ಆ ಕೀ ಮೋಕ್ ಪಟ್ಟಿಯಲ್ಲಿ (ಮೆಷಿನ್ ಮಾಲೀಕ ನಂಬಿದ ಕೀಗಳ ಪಟ್ಟಿ) ಇದ್ದರೆ ದಾಳಿಕೋರ ತನ್ನ ಮಾಡ್ಯೂಲಿಗೆ ತಾನೇ ಸಹಿ ಹಾಕಿ ಲೋಡ್ ಮಾಡುತ್ತಾನೆ, ಕರ್ನಲ್ ಲಾಗ್ ತೋರಿಸುವ ಡಿಮೆಸೆಜ್‌ನಲ್ಲಿ ಸಹಿಯ ಬಗ್ಗೆ ಒಂದು ಎಚ್ಚರಿಕೆಯೂ ಬರುವುದಿಲ್ಲ.

ಮಾಡ್ಯೂಲುಗಳನ್ನು ಬೇರೆ ಬಿಲ್ಡ್ ಮೆಷಿನ್‌ನಲ್ಲಿ ಕಟ್ಟಿ, ಕರ್ನಲ್ ಜೊತೆ ಬರುವ ಸೈನ್-ಫೈಲ್ ಸಾಧನದಿಂದ ಅಲ್ಲೇ ಸಹಿ ಹಾಕಿ. ಸರ್ವರಿಗೆ ಹೋಗಬೇಕಾದ್ದು ಮಾಡ್ಯೂಲ್ ಮತ್ತು ಪಬ್ಲಿಕ್ ಸರ್ಟಿಫಿಕೇಟ್ ಮಾತ್ರ. ಆ ಸರ್ಟಿಫಿಕೇಟನ್ನು ಮೋಕ್ ಪಟ್ಟಿಗೆ ಸೇರಿಸಲು ಮೋಕ್‌ಯುಟಿಲ್ ಇಂಪೋರ್ಟ್ ಕೊಟ್ಟ ಮೇಲೆ ರೀಬೂಟ್‌ನಲ್ಲಿ ನೀಲಿ ಪರದೆ 10 ಸೆಕೆಂಡಷ್ಟೇ ಕಾಯುತ್ತದೆ. ಕನ್ಸೋಲ್ ಮುಂದೆ ಯಾರೂ ಇಲ್ಲದಿದ್ದರೆ ಕೀ ಸೇರದೆಯೇ ಬೂಟ್ ಆಗುತ್ತದೆ. ಡಿಕೆಎಂಎಸ್‌ನ ಹಳೆಯ ಕೀಯನ್ನು ಮೋಕ್ ಪಟ್ಟಿಯಿಂದಲೂ ತೆಗೆಸಿ. ಫೈಲ್ ಅಳಿಸಿದರೆ ಸಾಲದು, ಅದರ ನಕಲು ಬ್ಯಾಕಪ್‌ನಲ್ಲಿ ಉಳಿದಿರಬಹುದು.

ಇನ್ನೊಂದು, ಸಹಿ ಹಾಕಿದ ಮೇಲೆ ಪ್ಯಾಕೇಜಿಂಗ್ ಸ್ಕ್ರಿಪ್ಟ್ ಸ್ಟ್ರಿಪ್ (ಫೈಲ್ ಕಿರಿದಾಗಿಸುವ ಸಾಧನ) ಓಡಿಸಿದರೆ ಸಹಿ ಹಾರಿಹೋಗುತ್ತದೆ, ಏಕೆಂದರೆ ಸಹಿ ಎಲ್ಫ್ (ಪ್ರೋಗ್ರಾಂ ಫೈಲಿನ ರೂಪ) ಭಾಗದ ಹೊರಗೆ, ಫೈಲಿನ ಬಾಲದಲ್ಲಿ ಅಂಟಿರುತ್ತದೆ. ಕಂಪ್ರೆಸ್ ಬಿಡಿಸಿದ ಮಾಡ್ಯೂಲಿನ ಕೊನೆಯ 28 ಬೈಟ್ ಟೇಲ್‌ನಿಂದ ನೋಡಿ: ‘ಮಾಡ್ಯೂಲ್ ಸಿಗ್ನೇಚರ್ ಅಪೆಂಡೆಡ್’ ಎಂಬ ಇಂಗ್ಲಿಷ್ ಸಾಲು ಕಾಣದಿದ್ದರೆ ಸುಡೋ ಕೊಟ್ಟರೂ ಮಾಡ್ಯೂಲ್ ಲೋಡ್ ಆಗುವುದಿಲ್ಲ.