ಕೇಬಲ್ ಸಿಕ್ಕರೆ ಬದುಕು, ಸಿಗದಿದ್ದರೆ ಸಾವು ಅಂದವರು

1999ರಲ್ಲಿ ನಾನು ಅಮೆರಿಕದ ಒಂದು ಸಣ್ಣ ಐಎಸ್‌ಪಿಯಲ್ಲಿ, ಅಂದರೆ ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿಯಲ್ಲಿ, ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಫೋನ್ ಲೈನಿನಲ್ಲಿ ಡಯಲ್ ಮಾಡಿ ಇಂಟರ್ನೆಟ್‌ಗೆ ಸೇರುವ ಡಯಲ್-ಅಪ್ ಕಾಲ. ಷೇರುಪೇಟೆಯ ವಿಶ್ಲೇಷಕರು ಆಗ ತಮ್ಮ ವರದಿಗಳಲ್ಲಿ ಒಂದೇ ರಾಗ ಹಾಡುತ್ತಿದ್ದರು: ಕೇಬಲ್ ಟಿವಿ ಕಂಪನಿಗಳು ತಮ್ಮ ತಂತಿಯಲ್ಲಿ ಜಾಗ ಕೊಟ್ಟರೆ ಐಎಸ್‌ಪಿಗಳು ಉಳಿಯುತ್ತವೆ, ಇಲ್ಲದಿದ್ದರೆ ಮುಗಿದವು. ಆ ಜೂನ್‌ನಲ್ಲಿ ಪೋರ್ಟ್‌ಲ್ಯಾಂಡ್ ಕೋರ್ಟ್, ಕೇಬಲ್ ಜಾಲವನ್ನೂ ಕೊಂಡಿದ್ದ ಫೋನ್ ಕಂಪನಿ ಎಟಿ ಅಂಡ್ ಟಿ ತನ್ನ ಕೇಬಲ್ಲನ್ನು ಬೇರೆ ಐಎಸ್‌ಪಿಗಳಿಗೂ ತೆರೆಯಬೇಕೆಂಬ ನಗರದ ಷರತ್ತನ್ನು ಎತ್ತಿಹಿಡಿಯಿತು. ನಮ್ಮ ಆಫೀಸಿನಲ್ಲೂ ಹಬ್ಬ. ಮರುವರ್ಷ ಮೇಲಿನ ಕೋರ್ಟ್ ಅದನ್ನು ತಳ್ಳಿಹಾಕಿತು.

ಆ ವರದಿ ಬರೆದವರು ಹೆಡ್‌ಎಂಡ್, ಅಂದರೆ ಊರಿನ ಕೇಬಲ್ಲೆಲ್ಲ ಬಂದು ಸೇರುವ ಕೇಬಲ್ ಕಂಪನಿಯ ಕೇಂದ್ರದ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಕ್ಕಿಲ್ಲ. ಫೋನಿನಲ್ಲಿ ಪ್ರತಿ ಮನೆಗೂ ಅದರದ್ದೇ ಒಂದು ಜೊತೆ ತಾಮ್ರದ ತಂತಿ ಇರುತ್ತದೆ. ಅದನ್ನು ಎಕ್ಸ್‌ಚೇಂಜಿನಲ್ಲಿ ನಮ್ಮ ಡಿಎಸ್‌ಎಲ್ (ಫೋನ್ ತಂತಿಯಲ್ಲೇ ವೇಗದ ಇಂಟರ್ನೆಟ್ ಕೊಡುವ) ಉಪಕರಣಕ್ಕೆ ಸಿಕ್ಕಿಸಿದರೆ ಆಯ್ತು. ಕೇಬಲ್‌ನಲ್ಲಿ ನೂರಾರು ಮನೆಗಳಿಗೆ ಒಂದೇ ತಂತಿ. ಮಾಮೂಲಿ ರೂಟರ್ ನೋಡುವುದು ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಎಲ್ಲಿಗೆ ಹೋಗಬೇಕು ಅನ್ನುವುದನ್ನು. ಯಾರ ಮನೆಯಿಂದ ಬಂತು ಅಂತ ನೋಡಿ ಐಎಸ್‌ಪಿಗಳಿಗೆ ಹಂಚಬೇಕಾದರೆ ಬೇರೆ ವ್ಯವಸ್ಥೆ ಬೇಕು, ಇಲ್ಲವೇ ಪ್ರತಿ ಮನೆಯಿಂದಲೂ ಅದರ ಐಎಸ್‌ಪಿಯವರೆಗೆ ಒಂದು ಟನೆಲ್, ಅಂದರೆ ಅದೇ ತಂತಿಯೊಳಗೆ ಸಾಫ್ಟ್‌ವೇರ್ ಮಾಡುವ ಪ್ರತ್ಯೇಕ ದಾರಿ. ಮಾಡಬಹುದು, ಆಗದ್ದೇನಲ್ಲ. ಆದರೆ ಸಂಜೆ ಹೊತ್ತು ಅಕ್ಕಪಕ್ಕದವರೆಲ್ಲ ಒಟ್ಟಿಗೆ ಇಂಟರ್ನೆಟ್‌ಗೆ ಕೂತು ಲೈನ್ ನಿಧಾನವಾದರೆ ಗ್ರಾಹಕ ಫೋನ್ ಮಾಡುವುದು ನಮಗೆ. ಸರಿಮಾಡುವ ಕೀಲಿ ಇರುವುದು ಕೇಬಲ್ ಕಂಪನಿಯ ಹತ್ತಿರ!

ಈ ಫೋನ್ ಕರೆಗಳ ಲೆಕ್ಕ ಯಾವ ವರದಿಯಲ್ಲೂ ನನಗೆ ಕಾಣಲಿಲ್ಲ. ಡಯಲ್-ಅಪ್‌ಗೆ ಆಗ ತಿಂಗಳಿಗೆ ಸುಮಾರು 20 ಡಾಲರ್. ಒಬ್ಬ ಗ್ರಾಹಕ ಅರ್ಧ ಗಂಟೆ ಸಪೋರ್ಟ್‌ನವರ ಜೊತೆ ಮಾತಾಡಿದರೆ ಆ ತಿಂಗಳ ಲಾಭ ಹೋದ ಹಾಗೇ. ಕೇಬಲ್ ಸಿಕ್ಕಿದ್ದರೆ ಇಂಥ ಕರೆಗಳೇ ಜಾಸ್ತಿಯಾಗುತ್ತಿದ್ದವು, ಬಾಡಿಗೆ ಬೇರೆ ಕಟ್ಟಬೇಕಿತ್ತು. ಅಂದಿನಿಂದ ಯಾರಾದರೂ ಹೊಸ ಸೇವೆಯ ಪ್ಲ್ಯಾನ್ ತಂದರೆ ನಾನು ಮೊದಲು ಕೇಳುವುದು, ಕೆಟ್ಟರೆ ಫೋನ್ ಎತ್ತುವವರು ಯಾರು ಅಂತ.

ತಂತಿ ಕೈಯಲ್ಲಿದ್ದರೆ ಗೆದ್ದ ಹಾಗೆ ಅನ್ನುವುದಾದರೆ ಕೇಬಲ್ ಮೇಲೆ ಇಂಟರ್ನೆಟ್ ಕೊಡುತ್ತಿದ್ದ ಎಕ್ಸೈಟ್ ಅಟ್ ಹೋಮ್ ಕಂಪನಿ ಗೆಲ್ಲಬೇಕಿತ್ತು, ಅಲ್ವಾ? ದೊಡ್ಡ ದೊಡ್ಡ ಕೇಬಲ್ ಕಂಪನಿಗಳ ಜೊತೆ ಅದಕ್ಕೆ ಬೇರೆ ಯಾರಿಗೂ ಇಲ್ಲದ ಒಪ್ಪಂದವಿತ್ತು. 2001ರ ಸೆಪ್ಟೆಂಬರ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಕೇಬಲ್ ತೆರೆಯಿರಿ ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ದೊಡ್ಡ ಡಯಲ್-ಅಪ್ ಕಂಪನಿ ಎಒಎಲ್, 2000ದ ಜನವರಿಯಲ್ಲಿ ಸ್ವಂತ ಕೇಬಲ್ ಜಾಲವಿದ್ದ ಟೈಮ್ ವಾರ್ನರ್ ಕಂಪನಿಯನ್ನು ಕೊಳ್ಳುತ್ತೇನೆ ಎಂದ ಮೇಲೆ ದನಿ ತಗ್ಗಿಸಿತು. ಅದಕ್ಕೂ ಕೇಬಲ್ ಸಿಕ್ಕಿತ್ತಲ್ಲ!

ಕೇಬಲ್ ತೆರೆಯಬೇಕಿಲ್ಲ ಎಂಬ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ 2005. ಅಷ್ಟೊತ್ತಿಗೆ ನಮ್ಮ ಐಎಸ್‌ಪಿ ಸಣ್ಣ ಆಫೀಸುಗಳ ಲೀಸ್ಡ್ ಲೈನ್ (ಅವರಿಗೆಂದೇ ಬಾಡಿಗೆಗೆ ಪಡೆದ ಲೈನ್), ವೆಬ್‌ಸೈಟ್ ಹೋಸ್ಟಿಂಗ್, ಮೇಲ್ ನೋಡಿಕೊಂಡು ಹೊಟ್ಟೆ ಹೊರೆಯುತ್ತಿತ್ತು. ತೀರ್ಪಿನ ಬಗ್ಗೆ ಊಟದ ಹೊತ್ತಿನಲ್ಲಿ ಸುಮ್ನೆ ಎರಡು ಮಾತು ಬಂತು, ಅಷ್ಟೇ.