ಆರನೇ ಅಕ್ಷರ

2023ರ ಜೂನ್‌ನಲ್ಲಿ ಬ್ಯಾಂಕಿನ ಮ್ಯಾನೇಜರ್ ಮೇಡಂ ನಮ್ಮ ಜಿಎಸ್‌ಟಿ ಸರ್ಟಿಫಿಕೇಟ್ ಮೇಲೆ ಪೆನ್ನಿನ ತುದಿ ಇಟ್ಟು, ಒಂದೊಂದೇ ಅಕ್ಷರ ಎಣಿಸುತ್ತಾ ಹೋಗಿ ಆರನೆಯದರ ಹತ್ತಿರ ನಿಂತರು. "ಇಲ್ಲಿ ಎಫ್ ಇದೆ ನೋಡಿ. ಈ ಎಫ್‌ಗೆ ಇಲ್ಲಿತನಕ ಯಾರೂ ಒಂದು ರೂಪಾಯಿ ಸಾಲ ಕೊಟ್ಟಿಲ್ಲ. ನೀವು ತೋರಿಸ್ತಾ ಇರೋ ಸಾಲ ಎಲ್ಲಾ ಪಿದು."

ಪಕ್ಕದಲ್ಲಿ ಕೂತಿದ್ದ, ನಾನು ಕೆಲಸ ಮಾಡುವ ಯೂನಿಟ್ಟಿನ ಯಜಮಾನ್ರು ನನ್ನ ಮುಖ ನೋಡಿದರು. ನಾನು ಸರ್ಟಿಫಿಕೇಟ್ ನೋಡಿದೆ. ನಾಲ್ಕು ವರ್ಷದಿಂದ ಪ್ರತಿ ಇನ್‌ವಾಯ್ಸ್ ಮೇಲೆ ನಾನೇ ಅಚ್ಚು ಹಾಕಿಸುತ್ತಿದ್ದ ನಂಬರ್ ಅದು.

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಡಬ್ಬ ಮಾಡುವ ಸಣ್ಣ ಯೂನಿಟ್ ನಮ್ಮದು. ಲೆಕ್ಕ, ಬಿಲ್ಲು, ಬ್ಯಾಂಕು ಎಲ್ಲಾ ನನ್ನ ಪಾಲು. ದಿನಾ ಗುಬ್ಬಿಯಿಂದ ಬಸ್ಸಲ್ಲಿ ಬಂದು ಹೋಗುತ್ತೇನೆ. ಡಬ್ಬದ ವ್ಯಾಪಾರದ ಸಂಕಟ ಹೊರಗಿನವರಿಗೆ ಗೊತ್ತಾಗಲ್ಲ. ಪೇಪರ್ ರೀಲ್ ಕೊಡುವವರು 15 ದಿನದ ಉದ್ರಿಗಿಂತ ಹೆಚ್ಚು ಕೊಡಲ್ಲ. ಡಬ್ಬ ಕೊಳ್ಳುವ ಕಂಪನಿಯವರು 60 ದಿನ ಅಂತ ಹೇಳಿ 90ಕ್ಕೆ ಕೊಡುತ್ತಾರೆ. ಈ ನಡುವಿನ ಹೊಂಡ ತುಂಬಿಸಲು ಯಜಮಾನ್ರ ಮನೆಯ ಒಡವೆ ಎಷ್ಟು ಸಲ ಅಡ ಹೋಗಿ ಬಂದಿದೆಯೋ ಲೆಕ್ಕವಿಲ್ಲ. ವಸಂತನರಸಾಪುರದ ಕಡೆಯಿಂದ ಒಂದು ದೊಡ್ಡ ಆರ್ಡರ್ ಬರುವ ಸೂಚನೆ ಇತ್ತು. ಅದಕ್ಕೇ ಸಿಸಿ ಲಿಮಿಟ್, ಅಂದರೆ ಬೇಕಾದಾಗ ತೆಗೆದು ಮತ್ತೆ ಕಟ್ಟುವ ಕ್ಯಾಶ್ ಕ್ರೆಡಿಟ್ ಸಾಲ, ಕೇಳಲು ಹೋಗಿದ್ದೆವು. ವರ್ಷದ ವಹಿವಾಟು 1 ಕೋಟಿ 60 ಲಕ್ಷ. ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ. 20ರ ಲೆಕ್ಕ ಹಿಡಿಯುತ್ತವೆ. 32 ಲಕ್ಷ ಆಗುತ್ತದೆ, 30 ಕೇಳೋಣ ಅಂತ ನಾನೇ ಹೇಳಿದ್ದೆ. ಲೆಕ್ಕ ಸರಿ ಇತ್ತು, ಅಕ್ಷರ ಕೈಕೊಟ್ಟಿತು.

ಆ ಅಕ್ಷರದ ಕಥೆ ಇಷ್ಟು. ಪ್ಯಾನ್‌ನಲ್ಲಿ ಹತ್ತು ಅಕ್ಷರ. ಅದರ ನಾಲ್ಕನೆಯದು ಆ ಪ್ಯಾನ್ ಎಂಥವರದು ಅಂತ ಹೇಳುತ್ತದೆ: ಪಿ ಇದ್ದರೆ ವ್ಯಕ್ತಿ, ಎಫ್ ಇದ್ದರೆ ಪಾಲುದಾರಿಕೆ, ಸಿ ಇದ್ದರೆ ಕಂಪನಿ, ಎಚ್ ಇದ್ದರೆ ಹಿಂದೂ ಅವಿಭಕ್ತ ಕುಟುಂಬ. ಜಿಎಸ್‌ಟಿ ನಂಬರ್ 15 ಅಕ್ಷರದ್ದು. ಮೊದಲ ಎರಡು ರಾಜ್ಯದ ಕೋಡು, ನಮ್ಮ ಕರ್ನಾಟಕಕ್ಕೆ 29. ಆಮೇಲಿನ ಹತ್ತು ಇಡೀ ಪ್ಯಾನೇ. ಹಾಗಾಗಿ ಪ್ಯಾನ್‌ನ ನಾಲ್ಕನೆಯದು ಜಿಎಸ್‌ಟಿ ನಂಬರಿನಲ್ಲಿ ಆರನೆಯದಾಗಿ ಕೂರುತ್ತದೆ. ಯಾರದೇ ಬಿಲ್ಲು ಕೈಗೆ ಬರಲಿ, ಆರನೇ ಅಕ್ಷರ ನೋಡಿದರೆ ಎದುರಿಗಿರುವವರು ಒಬ್ಬರೋ, ಪಾಲುದಾರರೋ, ಕಂಪನಿಯೋ ತಿಳಿಯುತ್ತದೆ. ಬೋರ್ಡಿನ ಮೇಲೆ 'ಇಂಡಸ್ಟ್ರೀಸ್' ಅಂತ ಎಷ್ಟು ದೊಡ್ಡದಾಗಿ ಬರೆಸಿದ್ದರೂ ಸರಿಯೇ.

ನಮ್ಮ ಯೂನಿಟ್ ಶುರುವಾದಾಗ ಯಜಮಾನ್ರ ಒಬ್ಬರ ಹೆಸರಲ್ಲಿತ್ತು, ಅಂದರೆ ಪಿ. ಒಬ್ಬರದೇ ಉದ್ಯಮಕ್ಕೆ ಬೇರೆ ಪ್ಯಾನ್ ಇರಲ್ಲ, ಮಾಲೀಕನ ಪ್ಯಾನೇ ಉದ್ಯಮದ ಪ್ಯಾನು. 2019ರಲ್ಲಿ ತಮ್ಮನನ್ನು ಸೇರಿಸಿಕೊಂಡು ಪಾಲುದಾರಿಕೆ ಪತ್ರ ಮಾಡಿಸಿದರು. ಹೊಸ ಪ್ಯಾನ್, ಹೊಸ ಜಿಎಸ್‌ಟಿ, ಹೊಸ ಕರೆಂಟ್ ಅಕೌಂಟ್ ಎಲ್ಲಾ ಆಯ್ತು. ಹಳೇ ನಂಬರಿನಲ್ಲಿ ಉಳಿದಿದ್ದ ಇನ್‌ಪುಟ್ ಕ್ರೆಡಿಟ್ಟನ್ನು (ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆಯ ಜಮೆ) ಐಟಿಸಿ-02 ಫಾರಂ ಹಾಕಿ ಹೊಸದಕ್ಕೆ ತಂದೆ. ಅದೊಂದು ದೊಡ್ಡ ಸಾಧನೆ ಅಂತ ಆವತ್ತು ಬೀಗಿದ್ದೆ.

ಮಷಿನ್ ಲೋನ್ ಮಾತ್ರ ಯಜಮಾನ್ರ ಹೆಸರಲ್ಲೇ ಉಳಿಯಿತು. "ಕಂತು ಹೋಗ್ತಾ ಇದೆಯಲ್ಲಮ್ಮಾ, ಇರಲಿ ಬಿಡು" ಅಂದಿದ್ದರು, ನಾನೂ ಬಿಟ್ಟೆ. ತಿಂಗಳು ತಿಂಗಳು ಫರ್ಮಿನ ಖಾತೆಯಿಂದ ದುಡ್ಡು ಯಜಮಾನ್ರ ಖಾತೆಗೆ, ಅಲ್ಲಿಂದ ಕಂತಿಗೆ. 2021ಕ್ಕೆ ಸಾಲ ಪೂರಾ ತೀರಿತು, ಒಂದು ದಿನವೂ ತಡವಿಲ್ಲ. ಬೆವರು ಎಫ್‌ದು, ಹೆಸರು ಪಿಗೆ. ಒಡವೆ ಸಾಲಗಳೂ ಅಷ್ಟೇ, ಮನೆಯವರ ಹೆಸರಲ್ಲಿ. ಬ್ಯಾಂಕಿನವರು ಫರ್ಮಿನ ಕ್ರೆಡಿಟ್ ರಿಪೋರ್ಟ್, ಅಂದರೆ ಸಾಲದ ಚರಿತ್ರೆ, ತೆಗೆದರೆ ಬಿಳೀ ಹಾಳೆ.

"ಖಾಲಿ ಇದ್ದರೆ ಕೆಟ್ಟದ್ದೇನಲ್ಲವಲ್ಲ ಮೇಡಂ?" ಅಂದರು ಯಜಮಾನ್ರು.

"ಕೆಟ್ಟದ್ದಲ್ಲ ಸಾರ್. ಆದ್ರೆ ನಾನು ಮೇಲಿನವರಿಗೆ ಏನಂತ ಬರೀಲಿ?"

ನನ್ನದೇ ತಪ್ಪು ಇನ್ನೊಂದಿತ್ತು, ಹೇಳಿಬಿಡುತ್ತೇನೆ. 2020ರ ಜುಲೈ 1ರಿಂದ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಲ್ಲಿ ಹಳೇ ಉದ್ಯೋಗ್ ಆಧಾರ್ ಹೋಗಿ ಉದ್ಯಮ್ ನೋಂದಣಿ ಬಂತು. ಪೋರ್ಟಲ್ ಮೊದಲು ಕೇಳುವುದು ಆಧಾರ್ ನಂಬರ್. ಯಜಮಾನ್ರದು ಹಾಕಿದೆ. ಸಂಸ್ಥೆ ಯಾವ ಬಗೆಯದು ಅಂತ ಕೇಳಿದಾಗ ಅಭ್ಯಾಸಬಲದಿಂದ ಒಬ್ಬರದು ಅಂತ ಒತ್ತಿ, ಅವರ ಪ್ಯಾನೇ ಕೊಟ್ಟುಬಿಟ್ಟೆ. ಸರ್ಟಿಫಿಕೇಟ್ ಬಂತು, ಚೌಕಟ್ಟು ಹಾಕಿಸಿ ಗೋಡೆಗೂ ಹಾಕಿದೆವು. ಅದರಲ್ಲೂ ಪಿ! ಫರ್ಮು ಜಿಎಸ್‌ಟಿಯಲ್ಲಿ ಇದೆ, ಉದ್ಯಮ್‌ನಲ್ಲಿ ಇಲ್ಲ. ಅದನ್ನು ರದ್ದು ಮಾಡಿಸಿ ಫರ್ಮಿನ ಪ್ಯಾನ್‌ನಲ್ಲಿ ಹೊಸದಾಗಿ ಮಾಡಿದೆ. ಸರ್ಕಾರದ ಪೋರ್ಟಲ್‌ನಲ್ಲಿ ಇದಕ್ಕೆ ಒಂದು ಪೈಸೆ ಇಲ್ಲ. ಸರ್ಕಾರದ್ದೇ ಅನ್ನುವ ಹಾಗೆ ಕಾಣುವ ಬೇರೆ ಸೈಟುಗಳು ಫೀಸು ಕೇಳುತ್ತವೆ, ಅತ್ತ ಹೋಗಬೇಡಿ.

ಆಮೇಲೆ ಅಕ್ಕನ ಮಗನ ವಿಷಯ ಹೊರಬಂತು. ಪಾಲುದಾರಿಕೆ ಅಂದಮೇಲೆ ಫರ್ಮಿನ ಜೊತೆಗೆ ಪಾಲುದಾರರ ಸ್ವಂತ ರಿಪೋರ್ಟನ್ನೂ ನೋಡುತ್ತಾರೆ. ಯಜಮಾನ್ರು ಅಕ್ಕನ ಮಗನ ಗೂಡ್ಸ್ ಗಾಡಿ ಸಾಲಕ್ಕೆ ಜಾಮೀನು ಹಾಕಿದ್ದರು, ನಮಗೆ ಯಾರಿಗೂ ಹೇಳಿರಲಿಲ್ಲ. ಆತ ಎರಡು ಕಂತು ತಪ್ಪಿಸಿದ್ದ. ಅದು ಜಾಮೀನುದಾರರ ರಿಪೋರ್ಟ್‌ನಲ್ಲೂ ಬಂದು ಕೂತಿತ್ತು. "ಸಹಿ ಹಾಕಿದ್ದು ಅಷ್ಟೇ ಕಣಮ್ಮಾ, ದುಡ್ಡು ನಾನು ಮುಟ್ಟಿಲ್ಲ" ಅಂತ ಅವರು ಪಾಪ ನನಗೇ ಸಮಜಾಯಿಷಿ ಕೊಟ್ಟರು. ಬಾಕಿ ಕಟ್ಟಿಸಿದ ಮೇಲೂ ಸಾಲ ಕೊಟ್ಟವರು ಅದನ್ನು ತಿದ್ದದೆ ಬಾಕಿ ಅಂತಲೇ ತೋರಿಸುತ್ತಿದ್ದರು. ರಸೀದಿ ಸಮೇತ ದೂರು ಹಾಕಿದೆ. ಇಂಥ ದೂರನ್ನು 30 ದಿನದಲ್ಲಿ ಇತ್ಯರ್ಥ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಮ್ಮದು ಅದಕ್ಕೆ ಮುಂಚಿನ ಕಥೆ. ಮೂರು ತಿಂಗಳು ಮೇಲ್ ಬರೆದು ಬರೆದು ಸುಸ್ತಾದೆ.

ಈ ಗಲಾಟೆಯಲ್ಲಿ ಯಜಮಾನ್ರ ತಮ್ಮ ಯೂಟ್ಯೂಬ್ ಹಿಡಿದಿದ್ದರು. ಅಲ್ಲಿ ಯಾರೋ ಅಮೆರಿಕದವರು, ಇಐಎನ್ ಅಂತ ಉದ್ಯಮದ ತೆರಿಗೆ ನಂಬರ್ ತಗೊಳ್ಳಿ, ಡನ್ಸ್ ನಂಬರ್ ತಗೊಳ್ಳಿ, ಸಪ್ಲೈಯರ್‌ಗಳ ಹತ್ತಿರ ಉದ್ರಿ ತಂದು ಬೇಗ ಬೇಗ ಕಟ್ಟಿ, ಕಂಪನಿಗೆ ಹೆಸರು ತಾನಾಗೇ ಬರುತ್ತೆ ಅಂತ ಹೇಳುತ್ತಿದ್ದನಂತೆ. ಅಲ್ಲಿ ಅದು ನಡೆಯುತ್ತದೆ; ಉದ್ರಿ ಕೊಟ್ಟ ಸಪ್ಲೈಯರ್ ಲೆಕ್ಕ, ಡನ್ಸ್ ನಂಬರ್ ಕೊಡುವ ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಕಂಪನಿಗೆ ಹೋಗುವ ವ್ಯವಸ್ಥೆ ಇದೆ. ನಮ್ಮ ಮಂಡಿಪೇಟೆಯಲ್ಲಿ ಮೂವತ್ತು ವರ್ಷ ಉದ್ರಿ ತಂದು ಮಾತಿಗೆ ತಪ್ಪದೆ ಕಟ್ಟಿದ್ದರೂ ಅದು ಅಂಗಡಿಯವನ ಕೆಂಪು ಪುಸ್ತಕದಲ್ಲೇ ಇರುತ್ತದೆ, ಕ್ರೆಡಿಟ್ ರಿಪೋರ್ಟ್ ತಯಾರಿಸುವ ಸಿಬಿಲ್‌ಗೆ ಹೋಗಲ್ಲ. ಅಲ್ಲಿಗೆ ವರದಿ ಕಳಿಸುವುದು ಬ್ಯಾಂಕು, ಫೈನಾನ್ಸ್ ಕಂಪನಿಗಳಂಥ ಸಾಲ ಕೊಡುವ ಸಂಸ್ಥೆಗಳು. ಒಂಬತ್ತು ಅಂಕಿಯ ಡನ್ಸ್ ನಂಬರ್ ಇಲ್ಲೂ ಸಿಗುತ್ತದೆ, ವಿದೇಶಿ ಕಂಪನಿಗಳು ಕೆಲವು ಸಲ ವೆಂಡರ್ ಫಾರಂನಲ್ಲಿ ಕೇಳುತ್ತವೆ. ಕೇಳಿದಾಗ ಮಾಡಿಸಿದರಾಯ್ತು. ಅದನ್ನು ಹಿಡಿದುಕೊಂಡು ಹೋದರೆ ನಮ್ಮ ಬ್ಯಾಂಕು ಸಿಸಿ ಕೊಡಲ್ಲ.

ಕೊನೆಗೆ 2024ರ ಜನವರಿಯಲ್ಲಿ 10 ಲಕ್ಷ ಮಂಜೂರಾಯಿತು, ಸಣ್ಣ ಉದ್ಯಮದ ಸಾಲಕ್ಕೆ ಜಾಮೀನು ನಿಲ್ಲುವ ಸಿಜಿಟಿಎಂಎಸ್‌ಇ ಟ್ರಸ್ಟಿನ ಗ್ಯಾರಂಟಿ ಮೇಲೆ, ಜಾಗ ಅಡ ಇಡದೆ. ಕೇಳಿದ್ದು 30. ಯಜಮಾನ್ರಿಗೆ ಅವಮಾನ ಆದಂತಾಯಿತು. ನನಗೆ ಮಾತ್ರ ಎಫ್ ಹೆಸರಲ್ಲಿ ಮೊದಲನೇ ಸಾಲ ಬಂತಲ್ಲ ಅನ್ನುವ ಸಮಾಧಾನ.

ಅಲ್ಲಿಂದ ನನ್ನ ತಿಂಗಳ ಕೆಲಸ ಬದಲಾಯಿತು. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್: ಎಷ್ಟು ರೀಲು, ಎಷ್ಟು ಶೀಟು, ಎಷ್ಟು ಡಬ್ಬ, ಯಾರಿಂದ ಎಷ್ಟು ಬರಬೇಕು. 90 ದಿನ ದಾಟಿದ ಬಾಕಿಯನ್ನು ನಮ್ಮ ಬ್ಯಾಂಕು ಲೆಕ್ಕಕ್ಕೆ ಹಿಡಿಯಲ್ಲ. ಸ್ಟೇಟ್‌ಮೆಂಟ್ ಮೂರು ತಿಂಗಳಿಗಿಂತ ಹಳೆಯದಾದರೆ ಖಾತೆ ಅಸ್ತವ್ಯಸ್ತ ಅಂತ ಎಣಿಸುತ್ತಾರೆ, ದುಡ್ಡು ಬರ್ತಾ ಹೋಗ್ತಾ ಇದ್ದರೂ. ಗೋಡೌನಿಗೆ ಹೋಗಿ ರೀಲುಗಳನ್ನು ಎಣಿಸಿ, ಅಂಚಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ತೂಕ ಓದಿಕೊಂಡು ಬರುತ್ತೇನೆ. ಮಳೆಗಾಲದಲ್ಲಿ ಸುಣ್ಣ ಅಳಿಸಿಹೋಗುತ್ತೆ, ಹುಡುಗರನ್ನು ಬೈಯುತ್ತೇನೆ. ಕೊಳ್ಳುವವರು ದುಡ್ಡು ಕೊಡದಿದ್ದರೂ ತಿಂಗಳ ಕೊನೆಗೆ ಬೀಳುವ ಬಡ್ಡಿಯಷ್ಟಾದರೂ ಖಾತೆಗೆ ಜಮಾ ಆಗಲೇಬೇಕು.

ದುಡ್ಡು ಬರಿಸಲು ಫರ್ಮಿನ ಹೊಸ ಉದ್ಯಮ್ ನಂಬರೇ ಉಪಯೋಗಕ್ಕೆ ಬಂತು. ಅದನ್ನು ಇನ್‌ವಾಯ್ಸ್ ಮೇಲೆ ಅಚ್ಚು ಹಾಕಿಸಿದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಬರೀ ಕಾಯ್ದೆ ಇದ್ದಾಗ ಯಾರೂ ಹೆದರುತ್ತಿರಲಿಲ್ಲ. ಆಮೇಲೆ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಅನ್ನುವ ಕಲಂ ಬಂತು: ಈ ಅವಧಿ ಮೀರಿದ ಬಾಕಿಯನ್ನು ಕೊಳ್ಳುವವರು ಹಣ ಕೊಟ್ಟ ವರ್ಷದಲ್ಲೇ ಖರ್ಚು ಅಂತ ತೋರಿಸಬೇಕು, ಅಂದರೆ ಕೊಡದ ವರ್ಷ ಅವರಿಗೇ ತೆರಿಗೆ ಜಾಸ್ತಿ. 2024ರ ಮಾರ್ಚ್ ಕೊನೇ ವಾರ, ವರ್ಷವಿಡೀ ನನ್ನ ಫೋನ್ ಎತ್ತದಿದ್ದ ಒಂದು ಕಂಪನಿಯ ಅಕೌಂಟೆಂಟ್ ತಾನಾಗೇ ಫೋನ್ ಮಾಡಿ, "ಮೇಡಂ, ನಿಮ್ಮ ಬಾಕಿ ಒಟ್ಟು ಎಷ್ಟು?" ಅಂದರು. ನಾನು ಎರಡು ಸಲ ಹೇಳಿಸಿದೆ, ಕೇಳಿಸಲಿಲ್ಲ ಅಂತ.

2025ರಲ್ಲಿ ಲಿಮಿಟ್ 25 ಲಕ್ಷಕ್ಕೆ ಏರಿತು. ಫರ್ಮಿನ ರಿಪೋರ್ಟ್‌ನಲ್ಲಿ ರ‍್ಯಾಂಕ್ 4 ಅಂತ ಬಂದಿತ್ತು. ಹೇಳಿದ ಕೂಡಲೇ ಯಜಮಾನ್ರ ಮುಖ ಸಪ್ಪಗಾಯಿತು. "ಹತ್ತಕ್ಕೆ ನಾಲ್ಕಾ? ಇಷ್ಟೆಲ್ಲ ಮಾಡಿ ನಾಲ್ಕಾ?" ವ್ಯಕ್ತಿಯ ಸ್ಕೋರು 300ರಿಂದ 900, ಹೆಚ್ಚಾದಷ್ಟೂ ಒಳ್ಳೆಯದು, ಉದ್ಯಮದ ಸಿಬಿಲ್ ರ‍್ಯಾಂಕು 1ರಿಂದ 10, ಕಡಿಮೆಯಾದಷ್ಟೂ ಒಳ್ಳೆಯದು ಅಂತ ಬಿಡಿಸಿ ಹೇಳಿದೆ. "ಓ, ಶಾಲೇಲಿ ರ‍್ಯಾಂಕ್ ಬರೋ ಹಾಗೆ" ಅಂದರು. ಅವರು ಶಾಲೆಯಲ್ಲಿ ರ‍್ಯಾಂಕ್ ಬಂದವರಲ್ಲ, ಆದರೂ ಖುಷಿಯಾದರು. ಆವತ್ತು ಎಲ್ಲರಿಗೂ ತಟ್ಟೆ ಇಡ್ಲಿ ಬಂತು.

ಹೋದ ತಿಂಗಳು ಪಕ್ಕದ ಶೆಡ್ಡಿನ ಹುಡುಗ ಬಂದಿದ್ದ, ಅಡಿಕೆ ಹಾಳೆ ತಟ್ಟೆ ಮಾಡುತ್ತಾನೆ, ಒಳ್ಳೇ ಕೆಲಸಗಾರ. "ಅಂಕಲ್, ಲೋನ್‌ಗೆ ಹಾಕ್ಬೇಕು, ಇನ್ನೇನೇನು ನಂಬರ್ ಮಾಡಿಸ್ಬೇಕು?" ಯಜಮಾನ್ರು ಕನ್ನಡಕ ಹಾಕಿಕೊಂಡು ಅವನ ಬಿಲ್ ಪುಸ್ತಕ ತೆಗೆದು, ಬೆರಳಿಟ್ಟು ಒಂದು, ಎರಡು ಅಂತ ಆರರವರೆಗೆ ಎಣಿಸಿದರು.

"ಪಿ. ಸರಿ, ನಿಂದೇ. ಮಷಿನ್ ಸಾಲ ಯಾರ ಹೆಸರಲ್ಲಿದೆಯಪ್ಪಾ?"

"ಅಮ್ಮನ ಹೆಸರಲ್ಲಿ ಅಂಕಲ್."

ಯಜಮಾನ್ರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ನಾನು ಅವನಿಗೊಂದು ಕುರ್ಚಿ ಎಳೆದೆ.