ನಮ್ಮ ಸ್ವಿಫ್ಟಿನ ಕಾಲು ಮೈಲಿ

ಡ್ರ್ಯಾಗ್ ರೇಸಿಗೆ ಕಾರು ಹಗುರ ಮಾಡಬೇಕು ಅಂತ ಮೊದಲು ತೂಗಿದ್ದು ಕಾರನ್ನಲ್ಲ, ಕಾರಿನೊಳಗಿದ್ದ ಸಾಮಾನನ್ನು. ಪುಣೆ ಹತ್ತಿರದ ಮೋಶಿಯಲ್ಲಿ ನಮ್ಮ ಬಿಲ್ಡಿಂಗಿನ ಎದುರಿಗೆ ಒಬ್ಬ ಭಂಗಾರದವನಿದ್ದಾನೆ. (ನಮ್ಮೂರ ಕಡೆಯಿಂದ ಹೊಸದಾಗಿ ಬಂದವರಿಗೆ ಈ ಪದ ಕೇಳಿ ಆಸೆ ಹುಟ್ಟುತ್ತದೆ. ಬಂಗಾರ ಅಲ್ಲ ಮಾರಾಯರೇ, ಮರಾಠಿಯಲ್ಲಿ ಹಾಗಂದರೆ ಗುಜರಿ.) ಅವನ ತಕ್ಕಡಿ ಹತ್ತು ನಿಮಿಷಕ್ಕೆ ಕೇಳಿದೆ. ಸ್ಟೆಪ್ನಿ, ಜಾಕು, ಪಾನಾ, ಐದು ಲೀಟರಿನ ನೀರಿನ ಕ್ಯಾನು, ಎರಡು ಛತ್ರಿ, ಮಗಳ ಸ್ಕೇಟಿಂಗ್ ಬೂಟು, ಜಮಖಂಡಿಯಿಂದ ಅವ್ವ ಕಳಿಸಿದ ಶೇಂಗಾ ಚಟ್ನಿಯ ಖಾಲಿ ಡಬ್ಬಿ, ಯಾರದೋ ಮದುವೆಯಲ್ಲಿ ಕೊಟ್ಟ ತೆಂಗಿನಕಾಯಿ. ಆ ಕಾಯಿ ಒಣಗಿ ಕೊಬ್ಬರಿಯಾಗಿತ್ತು. ಒಟ್ಟು 31 ಕಿಲೋ. ಒಂದೊಂದರ ತೂಕವನ್ನೂ ಹಾಳೆಯಲ್ಲಿ ಬರೆದುಕೊಂಡೆ. ಜಾಕಿನದು 3 ಕಿಲೋ 200 ಗ್ರಾಂ. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಾನು ಭೋಸರಿಯ ಕೈಗಾರಿಕಾ ಪ್ರದೇಶದಲ್ಲಿ (ಎಂಐಡಿಸಿ) ಟೂಲ್ ರೂಮಿನಲ್ಲಿ, ಅಂದರೆ ಅಚ್ಚು ತಯಾರಿಸುವ ಕಡೆ, ಕೆಲಸ ಮಾಡುವವನು. ದಿನವಿಡೀ ಮೈಕ್ರಾನ್ ಲೆಕ್ಕ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಐದು ಮೈಕ್ರಾನ್ ಹೆಚ್ಚುಕಮ್ಮಿ ಆದರೆ ಅಚ್ಚು (ಡೈ) ವಾಪಸ್ ಬರುತ್ತದೆ. ಆದರೆ ನಾನೇ ಓಡಿಸುವ 2012ರ ಸ್ವಿಫ್ಟ್ ನಿಜಕ್ಕೂ ಎಷ್ಟು ಜೋರು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಚೆನ್ನಾಗಿ ಎಳೀತದೆ" ಅನ್ನುತ್ತಿದ್ದೆ. ಅದೇನು ಅಳತೆಯೇ? ಲೋಣಾವಳದಿಂದ ಮೇಲೆ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್ಪಿನಲ್ಲಿ, ಅಂದರೆ ವಿಮಾನ ಇಳಿಯುವ ಪಟ್ಟಿಯಲ್ಲಿ, ಡ್ರ್ಯಾಗ್ ರೇಸ್ (ನೇರ ದಾರಿಯಲ್ಲಿ ಇಬ್ಬಿಬ್ಬರು ಓಡಿಸುವ ಪಂದ್ಯ) ಇದೆ, ಮಾಮೂಲಿ ಕಾರಿನವರೂ ಹೆಸರು ಕೊಡಬಹುದು ಅಂತ ಗೊತ್ತಾದಾಗ ಕೊಟ್ಟುಬಿಟ್ಟೆ. ಗೆಲ್ಲುವ ಆಸೆ ಏನೂ ಇರಲಿಲ್ಲ. 1.2 ಲೀಟರ್ ಪೆಟ್ರೋಲ್, 87 ಪಿಎಸ್ ಶಕ್ತಿ, ಓಡಿದ್ದು ಒಂದು ಲಕ್ಷ ಹದಿನೆಂಟು ಸಾವಿರ ಕಿಲೋಮೀಟರ್. ನನಗೆ ಬೇಕಿದ್ದದ್ದು ಒಂದು ನಂಬರು. ಕಾಲು ಮೈಲಿ, ಅಂದರೆ 1,320 ಅಡಿ, 402 ಮೀಟರ್ ಓಡೋಕೆ ಎಷ್ಟು ಸೆಕೆಂಡ್ ಅನ್ನೋದು.

ಸುದ್ದಿ ಹಬ್ಬಿದ್ದೇ ತಡ, ಕ್ಯಾಂಟೀನಿನಲ್ಲಿ ಎಲ್ಲರೂ ಡಾಕ್ಟರಾದರು. ಏರ್ ಫಿಲ್ಟರ್ ಬದಲಿಸು, ಸೈಲೆನ್ಸರ್ ಬದಲಿಸು, ಇಸಿಯು (ಇಂಜಿನ್ನಿನ ಕಂಪ್ಯೂಟರು) ರೀಮ್ಯಾಪ್ ಮಾಡಿಸು, ದುಬಾರಿ ಪೆಟ್ರೋಲ್ ಹಾಕು. ಗಾಳಿ ಒತ್ತಿ ತುಂಬುವ ಟರ್ಬೋ ಇಲ್ಲದ ಈ ಇಂಜಿನ್ನಿಗೆ ರೀಮ್ಯಾಪ್ ಮಾಡಿಸಿದರೆ ಸಿಗುವುದು ಚೂರುಪಾರು, ಕೊಡುವುದು ಒಂದು ತಿಂಗಳ ಮನೆ ಬಾಡಿಗೆ. ಸುಮ್ನೆ ಯಾಕೆ ಅಂತ ಕಾಕಾನ ಗ್ಯಾರೇಜಿಗೆ ಹೋದೆ.

ಕಾಕಾ ಸಿಂದಗಿ ಕಡೆಯವರು. ಮೂವತ್ತು ವರ್ಷದ ಹಿಂದೆ ಪುಣೆಗೆ ಬಂದು ಭೋಸರಿಯಲ್ಲೇ ನೆಲೆ ನಿಂತವರು. ಸಂಬಂಧದಲ್ಲಿ ಏನೂ ಅಲ್ಲ, ಎಲ್ಲರಿಗೂ ಕಾಕಾ. ನನ್ನ ಲಿಸ್ಟ್ ನೋಡಿ ನಕ್ಕರು. "ಹೊಸಾದು ಹಾಕೂದು ಆಮ್ಯಾಲ ತಮ್ಮಾ. ಇದ್ದದ್ದರ ನೆಟ್ಟಗೈತೇನು, ಅದನ್ನ ನೋಡೂಣು ಮದ್ಲ."

ಬಾನೆಟ್ ಎತ್ತಿದೆವು. ಬ್ಯಾಟರಿಯನ್ನು ಹಿಡಿದಿದ್ದದ್ದು ಕ್ಲ್ಯಾಂಪ್ ಅಲ್ಲ, ಸೈಕಲ್ ಟ್ಯೂಬಿನ ತುಂಡು. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್, 2017ರಲ್ಲಿ. ಅಂದರೆ ಇಷ್ಟು ವರ್ಷ ಆ ಟ್ಯೂಬಿನ ಭರವಸೆಯಲ್ಲೇ ಊರಿಗೆ ಹೋಗಿ ಬಂದಿದ್ದೇನೆ. ಡ್ರ್ಯಾಗ್ ಸ್ಟ್ರಿಪ್ಪಿನಲ್ಲಿ ತಪಾಸಣೆಯವರು ಮೊದಲು ಕೈಹಾಕಿ ಅಲುಗಾಡಿಸುವುದೇ ಬ್ಯಾಟರಿಯನ್ನಂತೆ. ಸಡಿಲ ಇದ್ದರೆ ಅಲ್ಲಿಂದಲೇ ಮನೆಗೆ. ಟ್ಯೂಬ್ ಬಿಚ್ಚಿದೆವು. ಹಿಟ್ಟಿನಂತೆ ಉದುರಿತು.

ಆಮೇಲೆ ಕಾಕಾ ಒಂದು ಕೆಲಸ ಹೇಳಿದರು. "ಇಂಜಿನ್ ಚಾಲೂ ಮಾಡು. ಬ್ರೇಕ್ ಗಟ್ಟಿ ಒತ್ತು. ಫಸ್ಟ್ ಗೇರ್ ಹಾಕಿ ಕ್ಲಚ್ಚು ಹಗೂರಕ ಬಿಡು, ಅದು ಹಿಡಿಯೂ ತನಕ ಅಷ್ಟ." ತಾವು ಪಕ್ಕಕ್ಕೆ ನಿಂತು ಬಾನೆಟ್ ಒಳಗೆ ನೋಡುತ್ತಿದ್ದರು. ಕ್ಲಚ್ ಹಿಡಿದ ಕೂಡಲೇ ಇಡೀ ಇಂಜಿನ್ ಮಲಗಿದ್ದ ಎಮ್ಮೆ ಏಳುವ ಹಾಗೆ ಒಂದು ಕಡೆಗೆ ವಾಲಿತು. ಬಿಟ್ಟರೆ ಧಡ್ ಅಂತ ವಾಪಸ್. ಇಂಜಿನ್ನನ್ನು ಹಿಡಿದಿಡುವ ಕೆಳಗಿನ ಮೌಂಟಿಂಗಿನ ರಬ್ಬರ್ ಹರಿದಿತ್ತು. ವಯಸ್ಸಾದ ರಬ್ಬರು, ಹರಿಯೋದೇ. ಟ್ರಾಫಿಕ್ಕಿನಲ್ಲಿ ನಿಧಾನ ಓಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಜೋರಾಗಿ ಬಿಟ್ಟಾಗ ಇಂಜಿನ್ ಅಲುಗಾಡಿದರೆ ಮುಂದಿನ ಚಕ್ರಗಳು ನೆಲ ಕಚ್ಚುವ ಬದಲು ಕುಣಿಯುತ್ತವೆ. ಆ ಕುಣಿತದಲ್ಲೇ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಮುರಿಯುವುದು. ಹೊಸ ಮೌಂಟಿಂಗ್ ಹಾಕಿಸಿದೆ. ಇಡೀ ತಯಾರಿಯಲ್ಲಿ ಅತಿ ಲಾಭ ಕೊಟ್ಟ ದುಡ್ಡು ಇದೇ ಅನ್ನುತ್ತೇನೆ. ಈಗ ಸಿಗ್ನಲ್ಲಿನಲ್ಲಿ ಬಿಡುವಾಗಲೂ ಗಾಡಿ ಬೇರೆಯೇ ಅನಿಸುತ್ತದೆ.

ಟಯರಿನ ಮೇಲಿನ ನಾಲ್ಕು ಅಂಕಿ ಓದಲು ಕಲಿಸಿದ್ದೂ ಕಾಕಾನೇ. ಸೈಡ್ ವಾಲಿನಲ್ಲಿ ಒಂದು ಸಣ್ಣ ಚೌಕಟ್ಟಿನೊಳಗೆ ಇರುತ್ತದೆ. ನನ್ನ ಮುಂದಿನ ಟಯರುಗಳಲ್ಲಿ 2316 ಅಂತಿತ್ತು. 2016ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಟಯರಿನ ಮೈಮೇಲಿನ ಗೆರೆಗಳು ಇನ್ನೂ ಆಳವಾಗಿದ್ದವು, ನೋಡೋಕೆ ಚಂದ. ಆದರೆ ಉಗುರು ಒತ್ತಿದರೆ ರಬ್ಬರ್ ಕಲ್ಲಿನಂತೆ. ಸ್ವಿಫ್ಟ್ ಓಡುವುದು ಮುಂದಿನ ಚಕ್ರದಿಂದ. ಜೋರಾಗಿ ಬಿಟ್ಟಾಗ ಗಾಡಿಯ ಭಾರ ಹಿಂದಕ್ಕೆ ಸರಿಯುತ್ತದೆ, ಎಳೆಯುವ ಚಕ್ರಗಳೇ ಹಗುರಾಗುತ್ತವೆ. ಅದರ ಮೇಲೆ ರಬ್ಬರೂ ಕಲ್ಲಾದರೆ ಸುತ್ತುವುದು ಬಿಟ್ಟು ಇನ್ನೇನು ಮಾಡೀತು? ಮುಂದಕ್ಕೆ ಎರಡು ಹೊಸ 165/80 ಆರ್14 ಹಾಕಿಸಿದೆ. ಮಳೆಗಾಲಕ್ಕೆ ಹೇಗೂ ಬೇಕಿತ್ತು ಅಂತ ಮನೆಯಲ್ಲಿ ಹೇಳಿದೆ. ಅದು ಸುಳ್ಳೂ ಅಲ್ಲ.

ಬ್ರೇಕ್ ಆಯಿಲ್ ಬದಲಿಸಿದೆವು. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಬಿಸಿಯಾದಾಗ ಬೇಗ ಕುದಿಯುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಓಡುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, 402 ಮೀಟರ್ ಆದ ಮೇಲೆ ನಿಲ್ಲಬೇಕಲ್ಲ? ಕೂಲಂಟ್ ಪೈಪು, ಆಯಿಲ್ ಸೀಲು ಎಲ್ಲೂ ಸೋರುತ್ತಿಲ್ಲ ಅಂತ ರಾತ್ರಿಯಿಡೀ ಕೆಳಗೆ ಪೇಪರ್ ಹಾಸಿ ನೋಡಿದೆ. ಸ್ಟ್ರಿಪ್ಪಿನಲ್ಲಿ ಒಬ್ಬರ ಗಾಡಿ ಸೋರಿದರೆ ಹಿಂದೆ ಬರುವವರು ಜಾರುತ್ತಾರೆ, ಒರೆಸುವ ತನಕ ಎಲ್ಲರ ಓಟವೂ ಬಂದ್. ಎಸಿ ಹಾಕಿಕೊಂಡು ಲೈನಿಗೆ ಬರಬೇಡಿ ಅನ್ನುವುದೂ ಇದಕ್ಕೇ. ಅದರ ನೀರು ತೊಟ್ಟಿಕ್ಕುತ್ತದೆ.

ಕಾಗದದ ಕೆಲಸ ಒಂದಿತ್ತು, ಅದನ್ನು ಯಾರೂ ಹೇಳುವುದಿಲ್ಲ. ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿದೆ. ಸಣ್ಣಕ್ಷರದಲ್ಲಿ ಚೊಕ್ಕವಾಗಿ ಬರೆದಿದ್ದಾರೆ, ರೇಸಿಗೂ ವೇಗ ಪರೀಕ್ಷೆಗೂ ಇದು ಅನ್ವಯಿಸುವುದಿಲ್ಲ ಅಂತ. ಅಂದರೆ ಅಲ್ಲಿ ಏನಾದರೂ ಆದರೆ ನಮ್ಮ ಜೇಬೇ ಗತಿ. ಹಾಗಂತ ರಾತ್ರಿ ಹೊತ್ತು ಖಾಲಿ ರಸ್ತೆಯಲ್ಲಿ ಓಡಿಸುತ್ತೇವೆ ಅನ್ನುವ ಹುಡುಗರಿದ್ದಾರಲ್ಲ, ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಲ್ಲಿ ಅದು ಅಪರಾಧ. ಕಾನೂನು ಬದಿಗಿಡಿ, ಎದುರಿಗೆ ಹಾಲಿನವನು ಬಂದರೆ?

ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಜಗಳ. ಡ್ಯಾಶ್‌ಬೋರ್ಡಿನ ಗಣಪತಿಯನ್ನು ಬಿಚ್ಚುತ್ತಿದ್ದೆ. ಡಬಲ್ ಟೇಪಿನಲ್ಲಿ ಅಂಟಿಸಿದ್ದು, ಗಟ್ಟಿ ಬ್ರೇಕ್ ಹಾಕಿದರೆ ನೇರ ಮುಖಕ್ಕೆ. ಒಳಗೆ ಸಡಿಲ ವಸ್ತು ಒಂದೂ ಇರಬಾರದು ಅಂತ ನಿಯಮ. ಬಂಪರಿನ ಲಿಂಬೆಹಣ್ಣು ಮೆಣಸಿನಕಾಯಿಯೂ ಹೋಗಬೇಕು, ಕಳಚಿ ಟ್ರ್ಯಾಕಿಗೆ ಬಿದ್ದರೆ ಕಸ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಎಲ್ಲಾ ದಿನ ದೇವರನ್ನ ಮುಂದ ಇಟ್ಕೊಂಡು ಇಪ್ಪತ್ತರ ಸ್ಪೀಡಿನ್ಯಾಗ ಹೊಕ್ಕೀರಿ. ನಾಳೆ ಜೋರ್ ಹೊಡಿಯೂ ದಿನಾನ ಅವನನ್ನ ಇಳಿಸಿ ಹೊಂಟೀರೇನ್ರಿ?" ಅದಕ್ಕೆ ಉತ್ತರ ನನ್ನ ಹತ್ತಿರ ಇವತ್ತಿಗೂ ಇಲ್ಲ. ಗಣಪತಿ ದೇವರ ಕೋಣೆಗೆ ಹೋದ. ಭಂಗಾರದವನ ತಕ್ಕಡಿ ಹತ್ತಿದ ಸಾಮಾನೆಲ್ಲ ಬಾಲ್ಕನಿಗೆ.

ಬೆಳಗ್ಗೆ ಐದಕ್ಕೆ ಹೊರಟೆ. ಕಾಲು ಟ್ಯಾಂಕಿಗಿಂತ ಸ್ವಲ್ಪ ಜಾಸ್ತಿ ಪೆಟ್ರೋಲ್. ಕಾಟನ್ ಪ್ಯಾಂಟು, ಪೂರ್ತಿ ತೋಳಿನ ಅಂಗಿ, ಬೂಟು. ನೈಲಾನ್ ಬಟ್ಟೆ ಬೇಡ, ಬೆಂಕಿ ತಗುಲಿದರೆ ಮೈಗೆ ಅಂಟುತ್ತದೆ. ಹೆಲ್ಮೆಟ್ ಪಕ್ಕದ ಮನೆಯ ಬುಲೆಟ್ ಹುಡುಗನದು. ಲೋಣಾವಳ ದಾಟಿ ಭೂಶಿ ಡ್ಯಾಮಿನ ಮೇಲಿನ ರಸ್ತೆ ಹಿಡಿದಾಗ ಮಂಜು ಇನ್ನೂ ಎದ್ದಿರಲಿಲ್ಲ. ಚಂದ ಅನ್ನಿ, ಆದರೆ ಇಂಜಿನ್ನಿಗೆ ಅಷ್ಟೇನೂ ಚಂದ ಅಲ್ಲ. ಲೋಣಾವಳ ಸಮುದ್ರಮಟ್ಟದಿಂದ ಆರುನೂರು ಮೀಟರಿಗಿಂತ ಮೇಲಿದೆ, ಗಾಳಿ ತೆಳು. ಟರ್ಬೋ ಇಲ್ಲದ ಗಾಡಿಗೆ ಅದರ ಏಟು ನೇರ ಬೀಳುತ್ತದೆ. ಮುಂಬೈಯಿಂದ ಬಂದವರು ಇದನ್ನೇ ನೆಪ ಹೇಳುತ್ತಿದ್ದರು. ಪುಣೆಯವರಿಗೆ ಆ ನೆಪವೂ ಇಲ್ಲ, ನಮ್ಮೂರೂ ಹೆಚ್ಚುಕಡಿಮೆ ಅಷ್ಟೇ ಎತ್ತರ.

ತಪಾಸಣೆಯಲ್ಲಿ ಬ್ಯಾಟರಿ ಅಲುಗಾಡಿಸಿದರು. ಅಲುಗಾಡಲಿಲ್ಲ. ನನಗೆ ಎಸ್ಸೆಸ್ಸೆಲ್ಸಿ ಪಾಸಾದಷ್ಟು ಖುಷಿ. ವೀಲ್ ಕ್ಯಾಪುಗಳನ್ನು ತೆಗೆಸಿದರು. ಮುಂದಿನ ಟಯರಿನ ಗಾಳಿಯನ್ನು 30ರಿಂದ 26ಕ್ಕೆ ಇಳಿಸಿದೆ, ನೆಲ ಜಾಸ್ತಿ ಹಿಡಿಯಲಿ ಅಂತ. ಹಿಂದಿನದಕ್ಕೆ 34, ಸುಮ್ಮನೆ ಉರುಳಲಿ.

ಮೊದಲ ಓಟ ನಾಚಿಕೆಗೇಡು. ಕ್ರಿಸ್‌ಮಸ್ ಟ್ರೀ ಅಂತ ಒಂದು ದೀಪದ ಕಂಬ. ನಿಧಾನಕ್ಕೆ ಮುಂದೆ ಸರಿದರೆ ಮುಂಚಕ್ರ ಒಂದು ಬೆಳಕಿನ ಗೆರೆ ಕಡಿಯುತ್ತದೆ, ಮೇಲೆ ಒಂದು ಬಲ್ಬು ಹತ್ತುತ್ತದೆ. ಇನ್ನೊಂದು ಗೇಣು ಸರಿದರೆ ಎರಡನೇ ಗೆರೆ, ಎರಡನೇ ಬಲ್ಬು. ಅಲ್ಲಿಗೆ ನಿಲ್ಲಬೇಕು. ಆಮೇಲೆ ಮೂರು ಹಳದಿ, ಅರ್ಧರ್ಧ ಸೆಕೆಂಡಿಗೆ ಒಂದು. ಆಮೇಲೆ ಹಸಿರು. ಪಕ್ಕದ ಲೇನಿನಲ್ಲಿ ನಮ್ಮ ಚಾಕಣದ ಕಾರ್ಖಾನೆಯಲ್ಲೇ ಹುಟ್ಟಿದ ಒಂದು ಪೋಲೊ ಜಿಟಿ ಕಾರು. ನಾನು ಹಸಿರು ಕಂಡು, ಖಾತ್ರಿ ಮಾಡಿಕೊಂಡು, ಇಂಜಿನ್ ನಾಲ್ಕು ಸಾವಿರ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಇರುವಾಗ ಕ್ಲಚ್ ಬಿಟ್ಟೆ. ಟಯರು ಕಿರುಚಿತು, ಹೊಗೆ ಬಂತು, ಗಾಡಿ ಮಾತ್ರ ಅಲ್ಲೇ. ಪೋಲೊದ ಹಿಂದಿನ ನಂಬರ್ ಪ್ಲೇಟ್ ಓದುವಷ್ಟು ಹೊತ್ತು ಸಿಕ್ಕಿತು, ಆಮೇಲೆ ಅದೂ ಕಾಣಲಿಲ್ಲ. ಚೀಟಿಯಲ್ಲಿ 19.34 ಸೆಕೆಂಡ್. ಮೊದಲ 60 ಅಡಿಗೇ 3.1.

ಚೀಟಿಯಲ್ಲಿ ನನ್ನ ರಿಯಾಕ್ಷನ್ ಟೈಮ್, ಅಂದರೆ ಹಸಿರು ಬಂದ ಮೇಲೆ ಹೊರಡಲು ಹಿಡಿದ ಹೊತ್ತು, 0.9 ಸೆಕೆಂಡ್ ಅಂತಿತ್ತು. ನಿದ್ದೆ ಹೋದವನ ಲೆಕ್ಕ. ಆದರೆ ಅದು ಆ 19.34ರಲ್ಲಿ ಸೇರುವುದಿಲ್ಲ. ಗಡಿಯಾರ ಶುರುವಾಗುವುದು ಚಕ್ರ ಬೆಳಕಿನ ಗೆರೆ ಬಿಟ್ಟ ಮೇಲೆ. ಪಕ್ಕದವನ ವಿರುದ್ಧ ಗೆಲ್ಲಬೇಕಾದರೆ ಮಾತ್ರ ಮೂರನೇ ಹಳದಿಗೇ ಕಾಲು ಎತ್ತಬೇಕು. ನನಗೆ ಬೇಕಿದ್ದದ್ದು ನಂಬರು ತಾನೇ, ಹಾಗಾಗಿ ದೀಪದ ಚಿಂತೆ ಬಿಟ್ಟು 60 ಅಡಿಯ ಚಿಂತೆ ಹಿಡಿದೆ. ಅಲ್ಲಿ ಉಳಿಸಿದ ಸಮಯ ಕೊನೆಯಲ್ಲಿ ಒಂದೂವರೆ ಪಟ್ಟಾಗಿ ಬರುತ್ತದೆ ಅಂತ ಹಳಬರು ಹೇಳುತ್ತಾರೆ.

ಬಾನೆಟ್ ಎತ್ತಿ ಅರ್ಧ ಗಂಟೆ ಆರಲು ಬಿಟ್ಟೆ. ಎರಡನೇ ಸಲ 1,800ಕ್ಕೇ ಬಿಟ್ಟೆ, ಇಂಜಿನ್ ಉಸಿರು ಕಟ್ಟಿ ಮುಗ್ಗರಿಸಿತು. ಅದರ ನಂಬರು ಹೇಳುವುದಿಲ್ಲ. ಮೂರನೇ ಸಲ 2,500. ಕ್ಲಚ್ಚನ್ನು ಬಿಡಲಿಲ್ಲ, ಜಾರಿಸಿದೆ. ಬೆಣ್ಣೆಯ ಮೇಲೆ ಕಾಲಿಟ್ಟ ಹಾಗೆ. ಟಯರು ಒಮ್ಮೆ ಚಿಂವ್ ಅಂತು, ಅಷ್ಟೇ. ಹೊಸ ಮೌಂಟಿಂಗ್ ಇಂಜಿನ್ನನ್ನು ಗಟ್ಟಿ ಹಿಡಿದಿತ್ತು, ಸ್ಟೇರಿಂಗ್ ನಡುಗಲಿಲ್ಲ. ಎರಡು, ಮೂರು, ಗೇರು ಮುಗಿಯಿತು, ದಾರಿಯೂ ಮುಗಿಯಿತು. 60 ಅಡಿ 2.7. ಒಟ್ಟು 18.74. ಇಡೀ ದಿನದ ಪಟ್ಟಿಯಲ್ಲಿ ಕೆಳಗಿನಿಂದ ನಾಲ್ಕನೆಯದು. ಚೀಟಿ ಈಗ ಟೂಲ್ ರೂಮಿನ ಕಪಾಟಿನ ಬಾಗಿಲಿಗೆ ಅಂಟಿದೆ.

ಇಲ್ಲಿಗೆ ನಿಲ್ಲಿಸಿದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಖುಷಿಯಲ್ಲಿ ಮುಂದಿನ ಟಯರಿಗೆ ಗಾಳಿ ತುಂಬುವುದನ್ನೇ ಮರೆತಿದ್ದೆ. ತಳೇಗಾಂವ್ ದಾಟಿದ ಮೇಲೆ ಕತ್ತಲಲ್ಲಿ ಒಂದು ಗುಂಡಿ. 26ರ ಗಾಳಿಯ ಟಯರು ರಿಮ್ಮಿಗೂ ಗುಂಡಿಯ ಅಂಚಿಗೂ ಮಧ್ಯೆ ಸಿಕ್ಕಿ ಪಕ್ಕೆ ಹರಿಯಿತು. ಹೊಸ ಟಯರು, ಹತ್ತು ದಿನವೂ ಆಗಿರಲಿಲ್ಲ. ಕೆಳಗಿಳಿದು, ಅಭ್ಯಾಸಬಲದಿಂದ ಡಿಕ್ಕಿ ತೆಗೆದೆ. ಡಿಕ್ಕಿ ಎಷ್ಟು ಸ್ವಚ್ಛ ಇತ್ತೆಂದರೆ ಅಲ್ಲೇ ಮಲಗಬಹುದಿತ್ತು. ಸ್ಟೆಪ್ನಿಯನ್ನು ಅಲ್ಲಿಯ ತನಕ ಹೊತ್ತು, ಓಟಕ್ಕೆ ಮುಂಚೆ ಇಳಿಸಿಟ್ಟರೆ ಸಾಕಿತ್ತು. ಉಳಿದವರೆಲ್ಲ ಹಾಗೇ ಮಾಡಿದ್ದರು. ಬೆಳಗ್ಗೆ ಅವರ ಸ್ಟೆಪ್ನಿಗಳ ಸಾಲು ನೋಡಿ "ಪಾಪ, ತಯಾರಿ ಇಲ್ಲದೆ ಬಂದಿದ್ದಾರೆ" ಅಂದುಕೊಂಡಿದ್ದೆ.

ಒಂದೂಕಾಲು ಗಂಟೆಯಾದ ಮೇಲೆ ಕಾಕಾ ಬಂದರು. ಆಕ್ಟಿವಾದಲ್ಲಿ, ಎರಡು ಕಾಲುಗಳ ನಡುವೆ ಸ್ಟೆಪ್ನಿ ನಿಲ್ಲಿಸಿಕೊಂಡು, ಮೊಣಕಾಲು ಅಗಲಿಸಿ. ನಮ್ಮ ಮನೆಗೆ ಹೋಗಿ ಇಸಿದುಕೊಂಡು ಬಂದಿದ್ದರು. ಇಳಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು, "ಎಷ್ಟ್ ಬಂತು?" ಅಂದರು.

"18.74, ಕಾಕಾ."

"ಭೇಷ್."

"ಕಾಕಾ, ಜಾಕು?"

ಸ್ವಲ್ಪ ಹೊತ್ತು ಲಾರಿಗಳು ಹೋಗುತ್ತಿದ್ದವು. ಕಾಕಾ ಆಕ್ಟಿವಾದ ಸೀಟಿನ ಕೆಳಗೆ ನೋಡಿದರು, ಡಿಕ್ಕಿಯಲ್ಲಿ ನೋಡಿದರು, ನನ್ನ ಮುಖ ನೋಡಿದರು.

"ಅದನ್ನೂ ತೂಗಿ ಇಳಿಸಿಯೇನು?"

"3 ಕಿಲೋ 200," ಅಂದೆ.